ನೇತ್ರಾವತಿಯ ತಪ್ಪಲಿನಲ್ಲಿ ಮುನ್ನೆಚ್ಚರಿಕೆ: ಸಾರ್ವಜನಿಕ ದ್ರವ್ಯವಿನಿಯೋಗದ ಚಾರಿತ್ರಿಕ ಅವಲೋಕನ

ಪಶ್ಚಿಮಘಟ್ಟದ ಬುಡದಲ್ಲಿರುವ ಬೆಳ್ತಂಗಡಿ, ನೇತ್ರಾವತಿಯ ಕೆಳದಂಡೆಯ ಬಂಟ್ವಾಳ, ಮುರಕಲ್ಲಿನ ದಿಬ್ಬಗಳ ನಡುವಣ ಮೂಡುಬಿದಿರೆ, ಈ ಮೂರು ತಾಲೂಕುಗಳು ಒಂದೇ ಮಳೆಗಾಲವನ್ನು ಹಂಚಿಕೊಂಡಿದ್ದರೂ ಆ ಮಳೆಗಾಲವು ತರುವ ವಿಪತ್ತು ಒಂದೊಂದರಲ್ಲಿಯೂ ಬೇರೆ ಬೇರೆ ರೂಪವನ್ನು ತಾಳುವುದು. ಬೆಳ್ತಂಗಡಿಯಲ್ಲಿ ಗುಡ್ಡ ಜರಿಯುವುದು. ಬಂಟ್ವಾಳದಲ್ಲಿ ನೆರೆ ಏರುವುದು. ಮೂಡುಬಿದಿರೆಯ ಬಯಲುಗಳಲ್ಲಿ ಮಳೆಗಾಲದ ಆದಿ ಅಂತ್ಯಗಳೆರಡರಲ್ಲಿಯೂ ಸಿಡಿಲಿನ ಭಯವಿರುವುದು. ಈ ವಿಪತ್ತುಗಳನ್ನು ಮುಂಗಂಡು ಜನರಿಗೆ ತಿಳಿಸುವ ಕಾರ್ಯಕ್ಕೆ ಸರಕಾರದ ಬೊಕ್ಕಸವು ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ, ಎಷ್ಟರಮಟ್ಟಿಗೆ ತೆರೆಯಿತೆಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ಮದರಾಸು ಆಡಳಿತದ ಕಾಲ

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ದಕ್ಷಿಣ ಕನ್ನಡವು ಮದರಾಸು ಆಡಳಿತಕ್ಕೆ ಸೇರಿದ್ದಿತು. ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾದುದಕ್ಕೆ 1864ರಲ್ಲಿ ಕಲಕತ್ತೆಯನ್ನು ಹೊಡೆದ ಚಂಡಮಾರುತವೂ, 1866 ಮತ್ತು 1871ರಲ್ಲಿ ಮಳೆ ಕೈಕೊಟ್ಟುದೂ ಪ್ರಮುಖ ಕಾರಣಗಳಾಗಿದ್ದುವು. 1886ರಲ್ಲಿ ಹೊರಬಿದ್ದ ಮೊದಲ ಮುಂಗಾರಿನ ಮುನ್ಸೂಚನೆಯ ಹಿಂದೆಯೂ ಕ್ಷಾಮದ ಭೀತಿಯೇ ಇದ್ದಿತು. ತಾಲೂಕು ಕಚೇರಿಯ ಅಂಗಳದಲ್ಲಿ ಮಳೆಮಾಪಕವನ್ನಿರಿಸಿ ದಿನದಿನದ ಅಂಕಿಯನ್ನು ಬರೆದಿಡುವುದಕ್ಕೆ ಸರಕಾರವು ವೆಚ್ಚಮಾಡಿದುದು ಬೆಳೆ ಮತ್ತು ಕಂದಾಯಗಳ ಲೆಕ್ಕಕ್ಕಾಗಿಯೇ ಹೊರತು, ಹೊಳೆಯ ದಂಡೆಯ ಮನೆಯವರನ್ನು ಎಬ್ಬಿಸುವುದಕ್ಕಾಗಿ ಅಲ್ಲ. ಗ್ರಾಮದಲ್ಲಿ ಸರಕಾರದ ಸಂಬಳ ಪಡೆಯುತ್ತಿದ್ದ ಪಟೇಲ, ಶಾನುಭೋಗ, ಉಗ್ರಾಣಿಗಳು ಆಪತ್ಕಾಲದಲ್ಲಿ ಸುದ್ದಿ ಮುಟ್ಟಿಸಬಲ್ಲವರಾಗಿದ್ದರೂ ಅವರ ನಿಯತ ಕರ್ತವ್ಯವು ಕಂದಾಯ ಮತ್ತು ಶಾಂತಿಪಾಲನೆಗಳಿಗೆ ಸಂಬಂಧಿಸಿದುದಾಗಿದ್ದಿತು.

ಘಟ್ಟದ ಮೇಲಣ ಸೀಮೆಗೂ ಮಂಗಳೂರು ಬಂದರಿಗೂ ನಡುವಣ ವ್ಯಾಪಾರಸ್ಥಾನವಾಗಿ, ದೋಣಿಸಂಚಾರದ ಅನುಕೂಲಕ್ಕಾಗಿ ಹೊಳೆಯಂಚಿನಲ್ಲಿಯೇ ಬೆಳೆದ ಬಂಟ್ವಾಳ ಪೇಟೆಯು ಈ ವ್ಯವಸ್ಥೆಯ ಕೊರತೆಯನ್ನು 1923ರ ಆಗಸ್ಟಿನಲ್ಲಿ ಅನುಭವಿಸಿತು. ಜನರು ಇಂದಿಗೂ ‘ಮಾರಿ ಬೊಳ್ಳ’ವೆಂದು ಸ್ಮರಿಸುವ ಆ ಮಹಾಪ್ರವಾಹವು ಬಂಟ್ವಾಳ, ಪಾಣೆಮಂಗಳೂರು, ಉಪ್ಪಿನಂಗಡಿಗಳನ್ನು ಕೊಚ್ಚಿತು. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದರಿಂದ ಎರಡು ಜಲಾನಯನಗಳ ನೀರೂ ಒಂದಾಗಿ ಬಂಟ್ವಾಳದ ಮೇಲೆಯೇ ಹರಿಯಬೇಕು. ಆದುದರಿಂದ ಉಪ್ಪಿನಂಗಡಿಯಲ್ಲಿ ನೀರು ಏರಿತೆಂಬ ವಾರ್ತೆಯು ಬಂಟ್ವಾಳಕ್ಕೆ ಸಕಾಲದಲ್ಲಿ ತಲುಪುವುದೇ ಒಂದು ಮುನ್ನೆಚ್ಚರಿಕೆಯಾಗುವುದು. 1974ರ ಜುಲೈಯಲ್ಲಿ ಮತ್ತೊಂದು ದೊಡ್ಡ ನೆರೆ ಬಂದು ಇದೇ ಪಾಠವನ್ನು ಪುನಃ ಕಲಿಸಿತು.

2. ನಿಧಿಗಳ ವಿಕಾಸ

ಸ್ವತಂತ್ರ ಭಾರತದಲ್ಲಿ ವಿಪತ್ತಿಗಾಗಿ ದ್ರವ್ಯವನ್ನು ಮುಂಗಡವಾಗಿ ತೆಗೆದಿರಿಸುವ ಪದ್ಧತಿಯು 1957ರ ಎರಡನೆಯ ಹಣಕಾಸು ಆಯೋಗದ ಶಿಫಾರಸಿನಿಂದ ಆರಂಭವಾಯಿತು. ಒಂಬತ್ತನೆಯ ಆಯೋಗದ ಸಲಹೆಯಂತೆ 1990-91ರಿಂದ ಪ್ರತಿ ರಾಜ್ಯದಲ್ಲಿಯೂ ವಿಪತ್ತು ಪರಿಹಾರ ನಿಧಿಯು ಏರ್ಪಟ್ಟು, ಅದಕ್ಕೆ ಕೇಂದ್ರವು ಮುಕ್ಕಾಲು ಪಾಲನ್ನೂ ರಾಜ್ಯವು ಕಾಲು ಪಾಲನ್ನೂ ಸಲ್ಲಿಸತೊಡಗಿದುವು. ಹೆಸರೇ ಸೂಚಿಸುವಂತೆ ಈ ಎಲ್ಲ ದ್ರವ್ಯವೂ ಹಾನಿಯಾದ ಅನಂತರದ ಪರಿಹಾರಕ್ಕೆ ಮೀಸಲಾದುದು. ಮನೆ ಬಿದ್ದಮೇಲೆ ಹಣ ಉಂಟು, ಮನೆ ಬೀಳುವ ಮುನ್ನ ಸುದ್ದಿ ಹೇಳುವವನಿಗೆ ಹಣವಿಲ್ಲವೆಂಬ ಸ್ಥಿತಿಯು ಹೀಗೆ ದಶಕಗಳ ಪರ್ಯಂತ ಮುಂದುವರಿಯಿತು.

2005ರ ವಿಪತ್ತು ನಿರ್ವಹಣಾ ಅಧಿನಿಯಮವು ಈ ದೃಷ್ಟಿಯನ್ನು ತತ್ತ್ವತಃ ಬದಲಿಸಿತು. ಅದರ 48ನೆಯ ಪ್ರಕರಣವು ರಾಜ್ಯಮಟ್ಟದಲ್ಲಿ ಮಾತ್ರವಲ್ಲದೆ ಜಿಲ್ಲಾಮಟ್ಟದಲ್ಲಿಯೂ ಸ್ಪಂದನ ನಿಧಿ ಮತ್ತು ಉಪಶಮನ ನಿಧಿಗಳೆಂಬ ಎರಡೆರಡು ನಿಧಿಗಳನ್ನು ಕಲ್ಪಿಸಿರುವುದು ನಮ್ಮ ವಿಷಯಕ್ಕೆ ಅತ್ಯಂತ ಪ್ರಸ್ತುತವಾದುದು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ರಾಜ್ಯಗಳಿಗೆಲ್ಲ ಸೇರಿ 1,60,153 ಕೋಟಿ ರೂಪಾಯಿಗಳನ್ನು ನಿಗದಿಗೊಳಿಸಿ ಅದನ್ನು ವಿಭಾಗಿಸಿದ ಕ್ರಮವೂ ಗಮನಾರ್ಹ: ನೂರರಲ್ಲಿ 40 ಪಾಲು ತುರ್ತು ಸ್ಪಂದನ ಪರಿಹಾರಗಳಿಗೆ, 30 ಪಾಲು ಪುನರ್ನಿರ್ಮಾಣಕ್ಕೆ, 20 ಪಾಲು ಉಪಶಮನಕ್ಕೆ, 10 ಪಾಲು ಸನ್ನದ್ಧತೆಗೆ. ಅಂದರೆ ವಿಪತ್ತಿಗೆ ಮುನ್ನ ಮಾಡತಕ್ಕ ಕಾರ್ಯಗಳಿಗೆ ಸ್ಪಷ್ಟವಾದ ಪಾಲೊಂದು ದೊರಕಿದರೂ, ನೂರರಲ್ಲಿ 70 ಪಾಲು ಆಗಲೂ ವಿಪತ್ತಿನ ಬೆನ್ನ ಹಿಂದೆಯೇ ಉಳಿಯಿತು. ಇದಲ್ಲದೆ ಸಿಡಿಲು ರಾಷ್ಟ್ರಮಟ್ಟದ ಅಧಿಸೂಚಿತ ವಿಪತ್ತುಗಳ ಪಟ್ಟಿಯಲ್ಲಿ ಸೇರಿರಲಿಲ್ಲವಾಗಿ, ಮೂಡುಬಿದಿರೆಯಂತಹ ಪ್ರದೇಶಕ್ಕೆ ಮುಖ್ಯವಾದ ಈ ಆಪತ್ತಿಗೆ ರಾಜ್ಯವು ತನ್ನ ಸ್ಪಂದನ ನಿಧಿಯ ಹತ್ತರಲ್ಲೊಂದು ಪಾಲಿನ ಮಿತಿಯೊಳಗೆ, ಸ್ಥಳೀಯ ವಿಪತ್ತೆಂದು ಸಾರಿಯೇ ವೆಚ್ಚಮಾಡಬೇಕಾಗಿದ್ದಿತು.

3. ಯಂತ್ರಗಳ ಆಗಮನ

ಕೇಂದ್ರ ಜಲ ಆಯೋಗವು ದಿಲ್ಲಿಯ ಯಮುನೆಯ ಮೇಲೆ 1958ರಲ್ಲಿ ಪ್ರವಾಹ ಮುನ್ಸೂಚನೆಯನ್ನು ಆರಂಭಿಸಿತು. ಬಂಟ್ವಾಳದಲ್ಲಿಯೂ ಆಯೋಗದ ಜಲಮಾಪನ ಕೇಂದ್ರವಿದ್ದು, ಅಲ್ಲಿ ನೇತ್ರಾವತಿಯ ಮಟ್ಟ 8.5 ಮೀಟರನ್ನು ಸಮೀಪಿಸಿತೆಂದರೆ ಬಡ್ಡಕಟ್ಟೆ, ಆಲಡ್ಕ, ನಂದಾವರಗಳ ಜನರು ಸಾಮಾನು ಮೇಲಕ್ಕೇರಿಸತೊಡಗುವರು. ಕರ್ನಾಟಕದ ಸ್ವಂತ ಪ್ರಯತ್ನವು ನೆರೆಯಿಂದಲ್ಲ, ಬರದಿಂದ ಹುಟ್ಟಿತು: 1988ರಲ್ಲಿ ಬರ ಪರಿವೀಕ್ಷಣಾ ಕೋಶವೆಂದು ಪ್ರಾರಂಭವಾದ ಸಂಸ್ಥೆಯೇ 2007ರಲ್ಲಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಆ ಕೇಂದ್ರವು ಗ್ರಾಮ ಪಂಚಾಯತಿಗೊಂದರಂತೆ, ಸೌರಶಕ್ತಿಯಿಂದ ನಡೆದು ಹದಿನೈದು ನಿಮಿಷಕ್ಕೊಮ್ಮೆ ವರದಿ ಕಳುಹಿಸುವ ಮಳೆಮಾಪಕಗಳನ್ನೂ, ಹೋಬಳಿಗೊಂದರಂತೆ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದುದು ದೇಶದಲ್ಲಿಯೇ ವಿರಳವಾದ ಸಾಧನೆ. ಅದರ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್‌ಗಳು ಮಿಂಚಿನ ಎಚ್ಚರಿಕೆಯನ್ನು ರೈತನ ಮೊಬೈಲಿಗೇ ತಂದಿರುವುವು.

4. 2019ರ ಪರೀಕ್ಷೆ

2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಪರಿಸರದ ಗುಡ್ಡಗಳು ಜರಿದು ಮೃತ್ಯುಂಜಯ ಮುಂತಾದ ಉಪನದಿಗಳು ಮಣ್ಣು ಮರಗಳ ಸಹಿತ ತೋಟಗಳಿಗೆ ನುಗ್ಗಿ, ಕೊಳಂಬೆಯಂತಹ ವಸತಿಗಳು ಹಾಳಾದಾಗ ಈ ವ್ಯವಸ್ಥೆಯ ಬಲವೂ ಮಿತಿಯೂ ಒಟ್ಟಿಗೆ ಗೋಚರಿಸಿದುವು. ಮಳೆಮಾಪಕಗಳಿರುವುದು ಜನವಸತಿಯ ಪಂಚಾಯತಿಗಳಲ್ಲಿ. ಗುಡ್ಡ ಒಡೆಯುವುದು ಅದರ ಮೇಲಣ ನಿರ್ಜನವಾದ ಕಾಡಿನಲ್ಲಿ. ಎಷ್ಟು ಮಳೆಯಾಯಿತೆಂಬುದನ್ನು ಯಂತ್ರ ಹೇಳಬಲ್ಲುದು. ಯಾವ ಇಳಿಜಾರು ಯಾವಾಗ ಜಾರುವುದೆಂಬುದನ್ನು ಹೇಳಲು ಮಣ್ಣಿನ ತೇವ ಹಾಗೂ ಚಲನೆಗಳನ್ನು ಅಳೆಯುವ ಬೇರೆಯೇ ಉಪಕರಣಗಳು ಬೇಕು. ಕೇರಳದ ಮುನ್ನಾರಿನಲ್ಲಿ ಅಮೃತಾ ವಿದ್ಯಾಸಂಸ್ಥೆಯು ಅಂತಹ ಸಂವೇದಕಜಾಲವನ್ನು 2009ರಷ್ಟು ಹಿಂದೆಯೇ ನಿರ್ಮಿಸಿದ್ದಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣವು ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ಕಲಕತ್ತೆಯಲ್ಲಿ ತೆರೆದುದು 2024ರ ಜುಲೈಯಲ್ಲಿ, ಉತ್ತರ ಕನ್ನಡದ ಶಿರೂರಿನ ಗುಡ್ಡ ಕುಸಿದ ಅದೇ ತಿಂಗಳಿನಲ್ಲಿ.

ವಿಶ್ವಬ್ಯಾಂಕಿನ ನೆರವಿನ ರಾಷ್ಟ್ರೀಯ ಚಂಡಮಾರುತ ಅಪಾಯ ಉಪಶಮನ ಯೋಜನೆಯ ಎರಡನೆಯ ಹಂತದಲ್ಲಿ ಕರ್ನಾಟಕವೂ ಸೇರಿದುದರಿಂದ ಕರಾವಳಿಗೆ ಆಶ್ರಯತಾಣಗಳೂ ಎಚ್ಚರಿಕೆ ಪ್ರಸಾರ ವ್ಯವಸ್ಥೆಯೂ ಬಂದುವು. ಆದರೆ ಅದರ ಗುರಿ ಸಮುದ್ರತೀರ. ಕಡಲಿಲ್ಲದ ಈ ಮೂರು ತಾಲೂಕುಗಳ ಗುಡ್ಡ ಮತ್ತು ಹೊಳೆಗಳು ಆ ಯೋಜನೆಯ ಮುಖ್ಯದೃಷ್ಟಿಗೆ ಹೊರತಾದುವು. ಈ ತೆರವನ್ನು ಬಹಳಮಟ್ಟಿಗೆ ತುಂಬಿದವರು ಜನರೇ. ಧರ್ಮಸ್ಥಳದ ಆಶ್ರಯದಲ್ಲಿ ರೂಪುಗೊಂಡ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳ ಸ್ವಯಂಸೇವಕರ ಸೇವೆ ಸ್ತುತ್ಯವಾದುದು. ಆದರೆ ದಾನವೂ ಸ್ವಯಂಸೇವೆಯೂ ಸರಕಾರದ ಹೊಣೆಗೆ ಪೂರಕವಾಗಬೇಕಲ್ಲದೆ ಪರ್ಯಾಯವಾಗಲಾಗದು.

5. ಉಪಸಂಹಾರ

ಒಂದೂವರೆ ಶತಮಾನದ ಈ ವೃತ್ತಾಂತದಿಂದ ಹೊರಡುವ ನಿರ್ಣಯ ಒಂದೇ: ಬೊಕ್ಕಸವು ಅಳೆಯುವುದಕ್ಕೆ ಹಣ ಕೊಟ್ಟಿತು, ಅಳಿದಮೇಲೆ ಪರಿಹರಿಸುವುದಕ್ಕೂ ಕೊಟ್ಟಿತು, ಅಳೆದುದನ್ನು ಹೊಳೆಯಂಚಿನ ಮನೆಗೆ ಮುಟ್ಟಿಸುವುದಕ್ಕೆ ಮಾತ್ರ ನಿಯತವಾದ ಲೆಕ್ಕಶೀರ್ಷಿಕೆಯನ್ನು ಕೊಡಲಿಲ್ಲ. ಮೊಬೈಲ್ ಸಂದೇಶಗಳೂ 1077 ಸಹಾಯವಾಣಿಯೂ ಉಪಯುಕ್ತವಾದುವೇ ಆದರೂ, ಬಿರುಮಳೆಯಲ್ಲಿ ವಿದ್ಯುತ್ತು ಹೋಗಿ, ಟವರ್ ನಿಂತು, ಘಟ್ಟದಡಿಯ ಊರುಗಳು ಮೌನವಾದಾಗ ಅವುಗಳನ್ನೇ ನೆಚ್ಚಿಕೊಂಡಿರುವುದು ಕ್ಷೇಮವಲ್ಲ. ಅಧಿನಿಯಮವು ಕಲ್ಪಿಸಿದ ಜಿಲ್ಲಾ ಉಪಶಮನ ನಿಧಿಗೆ ಜೀವಕೊಟ್ಟು, ಅದರಿಂದ ಪ್ರತಿವರ್ಷವೂ ಮೂರು ಕಾರ್ಯಗಳಿಗೆ ಹಣವನ್ನು ಮೀಸಲಿಡತಕ್ಕುದು: ಮಳೆಗಾಲಕ್ಕೆ ಮುನ್ನ ಯಂತ್ರಗಳ ದುರಸ್ತಿಗೆ, ಘಟ್ಟದ ಇಳಿಜಾರಿನಲ್ಲಿ ಸಂವೇದಕಗಳ ಸ್ಥಾಪನೆಗೆ, ಪಂಚಾಯತಿಗೊಂದು ಸೈರನ್ ಮತ್ತು ಅದನ್ನು ಮೊಳಗಿಸುವ ಹೊಣೆಯುಳ್ಳ ಸಂಬಳದ ಒಬ್ಬ ನೌಕರನಿಗೆ. ಯಂತ್ರವನ್ನು ಕೊಳ್ಳುವುದು ಒಂದು ಸಲದ ವೆಚ್ಚ, ಅದನ್ನು ನಡೆಯಿಸಿಕೊಂಡು ಬರುವುದು ನಿತ್ಯದ ವೆಚ್ಚ. ಈ ಎರಡನೆಯ ವೆಚ್ಚವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಆಯವ್ಯಯ ಪತ್ರಿಕೆಗಳಲ್ಲಿ ಸ್ಥಿರವಾಗಿ ನಮೂದಿಸುವಂತಾದಂದೇ ಮುನ್ನೆಚ್ಚರಿಕೆಯು ಸರಕಾರದ ಕೃಪೆಯಾಗಿ ಉಳಿಯದೆ ಪ್ರಜೆಯ ಹಕ್ಕಾಗುವುದು.