ಪಿಯುಸಿ ಮುಗಿಸಿ ಪೈಲಟ್ ಆಗೋದು ಹೇಗೆ? ಏರ್‌ಲೈನ್ ಕೆಡೆಟ್ ಯೋಜನೆಗೆ ಅರ್ಜಿ ಹಾಕುವ ಮುನ್ನ ಗೊತ್ತಿರಬೇಕಾದ ಸಂಗತಿಗಳು

ಪಿಯುಸಿ ಫಲಿತಾಂಶ ಬಂದ ಮೇಲೆ ಸಿಇಟಿ, ನೀಟ್ ಮಾತಿನ ಜೊತೆಗೆ ಈಗ ಇನ್ನೊಂದು ಮಾತೂ ಕೇಳಿಬರ್ತಿದೆ: "ಮಗ ಪೈಲಟ್ ಆಗ್ತೀನಿ ಅಂತಾನೆ, ಏನು ಮಾಡೋದು?" ಮೊನ್ನೆ ಬಸ್ ನಿಲ್ದಾಣದ ಹತ್ತಿರ ದಿನಸಿ ಅಂಗಡಿ ಇಟ್ಟಿರುವವರೊಬ್ಬರು ಮೊಬೈಲ್‌ನಲ್ಲಿ ಬಂದ ಜಾಹೀರಾತು ತೋರಿಸಿ ಇದನ್ನೇ ಕೇಳಿದ್ರು. ಮಗಳಿಗೆ ಪಿಸಿಎಂಬಿಯಲ್ಲಿ ಒಳ್ಳೆ ಅಂಕ ಬಂದಿದೆ, ಬೆಂಗಳೂರಿನ ಯಾರೋ ಏಜೆಂಟ್ "ಸೀಟು ಹಿಡಿದಿಡ್ತೀನಿ, ಎರಡು ಲಕ್ಷ ಮುಂಗಡ ಕಟ್ಟಿ" ಅಂತ ಫೋನ್ ಮಾಡ್ತಿದ್ದಾನಂತೆ. ಅವರಿಗೆ ಕೊಟ್ಟ ಮೊದಲ ಉತ್ತರ ಇಷ್ಟೇ: ಯಾರಿಗೂ ಒಂದು ರೂಪಾಯಿ ಕಟ್ಟಬೇಡಿ, ಮೊದಲು ಮೆಡಿಕಲ್ ಮಾಡಿಸಿ. ಉಳಿದದ್ದನ್ನು ಎಲ್ಲರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಬರೆದಿದ್ದೇವೆ.

ಕೆಡೆಟ್ ಯೋಜನೆ ಅಂದ್ರೆ ಏನು?

ನಮ್ಮ ದೇಶದಲ್ಲಿ ಪೈಲಟ್ ಆಗೋಕೆ ಎರಡು ದಾರಿ. ಒಂದು, ನೀವೇ ಒಂದು ಫ್ಲೈಯಿಂಗ್ ಸ್ಕೂಲ್ ಸೇರಿ, ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಪಡೆದು, ಆಮೇಲೆ ಏರ್‌ಲೈನ್‌ಗಳಲ್ಲಿ ಕೆಲಸ ಹುಡುಕೋದು. ಇನ್ನೊಂದು, ಇಂಡಿಗೋ, ಏರ್ ಇಂಡಿಯಾದಂಥ ಕಂಪನಿಗಳು ನಡೆಸುವ ಕೆಡೆಟ್ ಪೈಲಟ್ ಯೋಜನೆ. ಇದರಲ್ಲಿ ಕಂಪನಿಯೇ ಪರೀಕ್ಷೆ ಮಾಡಿ ಹುಡುಗ ಹುಡುಗಿಯರನ್ನು ಮೊದಲೇ ಆರಿಸಿಕೊಳ್ಳುತ್ತೆ, ತಾನು ಒಪ್ಪಂದ ಮಾಡಿಕೊಂಡ ತರಬೇತಿ ಸಂಸ್ಥೆಗೆ ಕಳಿಸುತ್ತೆ. ಎಲ್ಲ ಹಂತ ಪಾಸಾದರೆ ಜೂನಿಯರ್ ಫಸ್ಟ್ ಆಫೀಸರ್ ಆಗಿ ತೆಗೆದುಕೊಳ್ಳುತ್ತೆ.

ಇಲ್ಲಿ ತುಂಬಾ ಜನ ತಪ್ಪು ತಿಳಿದುಕೊಳ್ಳುವ ವಿಷಯ ಒಂದಿದೆ. ಕಂಪನಿ ಆರಿಸಿತು ಅಂದ್ರೆ ಕಂಪನಿಯೇ ಓದಿಸುತ್ತೆ ಅಂತಲ್ಲ. ತರಬೇತಿ ದುಡ್ಡು ಮನೆಯವರದ್ದೇ. ಕಂಪನಿ ಕೊಡೋದು ಷರತ್ತಿನ ಪತ್ರ. ಓದು, ಹಾರಾಟ, ಮೆಡಿಕಲ್ ಎಲ್ಲ ಸರಿಹೋದರೆ, ಆ ಹೊತ್ತಿಗೆ ಕಂಪನಿಗೆ ಪೈಲಟ್ ಬೇಕಿದ್ದರೆ ಕೆಲಸ. ಇದನ್ನು ಬ್ಯಾಂಕ್ ನೌಕರಿಯ ಆರ್ಡರ್ ಥರ ನೋಡಬಾರದು.

ಯಾರು ಅರ್ಜಿ ಹಾಕಬಹುದು?

ವಯಸ್ಸು 18 ತುಂಬಿರಬೇಕು, ಸಿಪಿಎಲ್‌ಗೆ ಕನಿಷ್ಠ ವಯಸ್ಸೇ ಅದು. ಗರಿಷ್ಠ ವಯಸ್ಸು ಕಂಪನಿ ಕಂಪನಿಗೆ ಬೇರೆ. ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಪಾಸಾಗಿರಬೇಕು ಅನ್ನೋದು ಬಹುಕಾಲದಿಂದ ಇರುವ ನಿಯಮ. ಇದನ್ನು ಸಡಿಲಿಸುವ ಮಾತು ನಡೆದಿದ್ದರೂ ಕಂಪನಿಗಳ ಪ್ರಕಟಣೆಯಲ್ಲಿ ಈ ಎರಡು ವಿಷಯ ಕೇಳಿಯೇ ಕೇಳ್ತಾರೆ. ಪಾಸಾದರೆ ಸಾಲದು, ಇಷ್ಟು ಶೇಕಡಾ ಅಂಕ ಬೇಕು ಅಂತಲೂ ಹಾಕಿರ್ತಾರೆ, ಇಂಗ್ಲಿಷ್‌ಗೂ ಸೇರಿಸಿ. ಕಾಮರ್ಸ್ ಅಥವಾ ಆರ್ಟ್ಸ್ ಓದಿದವರು ಎನ್‌ಐಒಎಸ್ ಮೂಲಕ ಭೌತಶಾಸ್ತ್ರ, ಗಣಿತ ಎರಡನ್ನು ಮಾತ್ರ ಬರೆದು ಪಾಸ್ ಮಾಡಿಕೊಳ್ಳಬಹುದು. ಹೀಗೆ ಬಂದವರು ಪೈಲಟ್ ಆಗಿದ್ದಾರೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರಬೇಕಿಲ್ಲ, ಆದರೆ ತಯಾರಿ ಬೇಕು. ವಿಮಾನ ಮತ್ತು ಕಂಟ್ರೋಲ್ ಟವರ್ ನಡುವಿನ ಮಾತೆಲ್ಲ ಇಂಗ್ಲಿಷ್‌ನಲ್ಲೇ. ಅದಕ್ಕಾಗಿ ಅಂತರರಾಷ್ಟ್ರೀಯ ಮಟ್ಟದ ಭಾಷಾ ಪರೀಕ್ಷೆ ಇದೆ. ಆರು ಹಂತಗಳಲ್ಲಿ ಕನಿಷ್ಠ ನಾಲ್ಕನೇ ಹಂತ ಬರಬೇಕು. ಅಲ್ಲಿ ನೋಡೋದು ಸೊಗಸಾದ ಉಚ್ಚಾರಣೆಯನ್ನಲ್ಲ, ಕೇಳಿದ್ದು ಅರ್ಥವಾಗಿ ತಡವರಿಸದೆ ಉತ್ತರ ಕೊಡುತ್ತಾರಾ ಅನ್ನೋದನ್ನ.

ಮೊದಲು ಮೆಡಿಕಲ್, ಆಮೇಲೆ ಮಿಕ್ಕಿದ್ದು

ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ. ವಿಮಾನಯಾನ ನಿರ್ದೇಶನಾಲಯ, ಅಂದ್ರೆ ಡಿಜಿಸಿಎ, ಮಾನ್ಯ ಮಾಡಿದ ವೈದ್ಯರ ಹತ್ತಿರ ಮೊದಲು ಕ್ಲಾಸ್ 2 ಮೆಡಿಕಲ್ ಆಗಬೇಕು. ಆಮೇಲೆ ಕ್ಲಾಸ್ 1. ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ, ಕಿವಿ, ಕಣ್ಣು ಎಲ್ಲ ನೋಡ್ತಾರೆ. ಕ್ಲಾಸ್ 1 ಇಲ್ಲದೆ ಸಿಪಿಎಲ್ ಸಿಗೋದಿಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಈ ಪರೀಕ್ಷೆ ಮಾಡುವ ಹಳೆಯ ಕೇಂದ್ರಗಳಲ್ಲಿ ಒಂದು, ನಮಗೆ ಹತ್ತಿರದ್ದೂ ಹೌದು.

ಕನ್ನಡಕ ಹಾಕಿದವರಿಗೆ ಆಗಲ್ಲ ಅನ್ನೋದು ಸುಳ್ಳು. ಕನ್ನಡಕ ಹಾಕಿದಾಗ ದೃಷ್ಟಿ ಸರಿಯಾಗಿ ಬಂದರೆ, ನಂಬರ್ ಮಿತಿಯೊಳಗೆ ಇದ್ದರೆ ನಡೆಯುತ್ತೆ. ತೊಂದರೆ ಬರೋದು ಬಣ್ಣಗುರುಡಿನಲ್ಲಿ. ಕೆಂಪು ಹಸಿರು ಬೇರೆ ಮಾಡಲಾಗದ ದೋಷ ಗಂಡುಮಕ್ಕಳಲ್ಲಿ ಹೆಚ್ಚು, ಎಷ್ಟೋ ಜನಕ್ಕೆ ತಮಗೆ ಅದು ಇದೆ ಅಂತಲೇ ಗೊತ್ತಿರಲ್ಲ. ಚುಕ್ಕಿಗಳ ಒಳಗೆ ಅಂಕಿ ಹುಡುಕುವ ಇಶಿಹಾರ ಪುಸ್ತಕದ ಪರೀಕ್ಷೆಯನ್ನು ತಾಲ್ಲೂಕಿನ ಕಣ್ಣಿನ ಡಾಕ್ಟರ್ ಹತ್ತಿರವೇ ಹತ್ತು ನಿಮಿಷದಲ್ಲಿ ಮಾಡಿಸಬಹುದು. ಕೆಲವು ಕಡೆ ಮೊದಲು ಫೀಸು ಕಟ್ಟಿಸಿಕೊಂಡು ಆಮೇಲೆ ಮೆಡಿಕಲ್‌ಗೆ ಕಳಿಸ್ತಾರೆ. ಫೇಲಾದರೆ ಆ ಹಣ ವಾಪಸ್ ಬರೋದು ಕಷ್ಟ.

ಹೆಸರಿನ ತಕರಾರು

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡೋದು ಇದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಒಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರು ಸರ್‌ನೇಮ್ ಆಗಿ ಕೂತಿರುತ್ತೆ. ಡಿಜಿಸಿಎ ಪರೀಕ್ಷೆ ಬರೆಯಲು ಕಂಪ್ಯೂಟರ್ ನಂಬರ್ ಅಂತ ಒಂದು ಗುರುತಿನ ಸಂಖ್ಯೆ ಪಡೆಯಬೇಕು. ಅದಕ್ಕೆ ಶಿಕ್ಷಣ ಮಂಡಳಿಯಿಂದ ಅಂಕಪಟ್ಟಿ ಅಸಲಿ ಅನ್ನೋ ದೃಢೀಕರಣ ಬೇಕು. ದಾಖಲೆಗಳಲ್ಲಿ ಹೆಸರು ಒಂದೇ ಥರ ಇಲ್ಲದಿದ್ದರೆ ಫೈಲು ಅಲ್ಲೇ ನಿಲ್ಲುತ್ತೆ. ಎಸ್‌ಎಸ್‌ಎಲ್‌ಸಿ ಕಾರ್ಡ್‌ನಲ್ಲಿ ಹೇಗಿದೆಯೋ ಹಾಗೇ ಉಳಿದ ದಾಖಲೆ ಸರಿಮಾಡಿಸಿಕೊಳ್ಳೋದು ಸುಲಭ, ಎಸ್‌ಎಸ್‌ಎಲ್‌ಸಿ ಕಾರ್ಡನ್ನೇ ತಿದ್ದಿಸೋದು ದೊಡ್ಡ ಓಡಾಟ. ಪಿಯುಸಿ ಎರಡನೇ ವರ್ಷದಲ್ಲಿ ಇರುವಾಗಲೇ ಪಾಸ್‌ಪೋರ್ಟ್ ಮಾಡಿಸಿ, ಆಧಾರ್ ಜೊತೆ ಹೊಂದಿಸಿಡಿ. ಇದಕ್ಕೆ ಏಜೆಂಟ್ ಬೇಕಿಲ್ಲ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ, 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದು ಜೈಲಿಗೆ ಹೋದ ಪ್ರಕರಣ ದೇಶದಲ್ಲಿ ದೊಡ್ಡ ಸುದ್ದಿಯಾಗಿತ್ತು.

ಆಯ್ಕೆ ಹೇಗೆ ನಡೆಯುತ್ತೆ?

ಅರ್ಜಿ ಆನ್‌ಲೈನ್, ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ಅದು ಹೆಸರಿಸಿದ ತರಬೇತಿ ಸಂಸ್ಥೆಯ ವೆಬ್‌ಸೈಟ್‌ನಲ್ಲಿ. ಮೊದಲು ಗಣಿತ, ಭೌತಶಾಸ್ತ್ರ, ಇಂಗ್ಲಿಷ್‌ನ ಪರೀಕ್ಷೆ. ಪಿಯುಸಿ ಮಟ್ಟದ್ದೇ, ಆದರೆ ವೇಗ ಬೇಕು. ಆಮೇಲೆ ಕಂಪ್ಯೂಟರ್ ಮುಂದೆ ಕೂರಿಸಿ ಜಾಯ್‌ಸ್ಟಿಕ್ ಹಿಡಿಸಿ, ಒಂದು ಕೈಯಲ್ಲಿ ಗುರಿ ಹಿಡಿಯುತ್ತಲೇ ಲೆಕ್ಕಕ್ಕೆ ಉತ್ತರ ಕೊಡಬೇಕಾದ ಸಾಮರ್ಥ್ಯ ಪರೀಕ್ಷೆ. ಜೊತೆಗೆ ಗುಂಪು ಚಟುವಟಿಕೆ, ಮನೋವೈಜ್ಞಾನಿಕ ಪ್ರಶ್ನೆಗಳು, ಸಂದರ್ಶನ. ಸಂದರ್ಶನದಲ್ಲಿ "ಚಿಕ್ಕಂದಿನಿಂದ ಕನಸು" ಅನ್ನೋ ಉತ್ತರವನ್ನು ಎಲ್ಲರೂ ಹೇಳ್ತಾರೆ. ಈ ಕಂಪನಿ ಯಾವ ವಿಮಾನ ಓಡಿಸುತ್ತೆ, ಸಾಲ ಹೇಗೆ ತೀರಿಸ್ತೀರಿ, ತರಬೇತಿಯಲ್ಲಿ ಫೇಲಾದರೆ ಏನು ಮಾಡ್ತೀರಿ ಅನ್ನೋದಕ್ಕೆ ಉತ್ತರ ಇದ್ದವರು ಬೇರೆಯಾಗಿ ಕಾಣ್ತಾರೆ.

ತರಬೇತಿಯ ದಾರಿ

ಮೊದಲ ಕೆಲವು ತಿಂಗಳು ಬರೀ ಪಾಠ: ಏರ್ ನ್ಯಾವಿಗೇಷನ್, ಹವಾಮಾನ, ವಿಮಾನಯಾನ ಕಾನೂನು, ವಿಮಾನದ ತಾಂತ್ರಿಕ ವಿಷಯ. ಡಿಜಿಸಿಎ ಪೇಪರ್‌ಗಳಲ್ಲಿ ಪಾಸಾಗಲು 100ಕ್ಕೆ 70 ಬೇಕು, 35 ಅಲ್ಲ. ರೇಡಿಯೋ ಬಳಸಲು ಬೇರೆ ಲೈಸೆನ್ಸ್ ಪರೀಕ್ಷೆ ಇದೆ. ಆಮೇಲೆ ಹಾರಾಟ: ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ತಾನೇ ಹೊಣೆ ಹೊತ್ತು ಹಾರಿಸಿದ್ದಾಗಿರಬೇಕು. ಒಂದು ಸಲ ಕನಿಷ್ಠ 300 ನಾಟಿಕಲ್ ಮೈಲಿ, ಅಂದ್ರೆ ಸುಮಾರು 555 ಕಿಲೋಮೀಟರ್ ಹಾರಿ, ನಡುವೆ ಬೇರೆ ಎರಡು ವಿಮಾನ ನಿಲ್ದಾಣಗಳಲ್ಲಿ ಇಳಿದು ಬರಬೇಕು. ಕಂಪನಿ ವಿದೇಶಿ ಶಾಲೆಗೆ ಕಳಿಸಿದ್ದರೆ ವಾಪಸ್ ಬಂದು ಲೈಸೆನ್ಸನ್ನು ಭಾರತದ್ದಕ್ಕೆ ಪರಿವರ್ತಿಸಿಕೊಳ್ಳಬೇಕು.

ಇಷ್ಟಾದರೂ ದೊಡ್ಡ ವಿಮಾನ ಓಡಿಸುವ ಹಾಗಿಲ್ಲ. ಏರ್‌ಬಸ್ 320 ಅಥವಾ ಬೋಯಿಂಗ್ 737 ಥರದ ವಿಮಾನಕ್ಕೆ ಸಿಮ್ಯುಲೇಟರ್‌ನಲ್ಲಿ ಟೈಪ್ ರೇಟಿಂಗ್ ಅಂತ ಪ್ರತ್ಯೇಕ ತರಬೇತಿ. ಕ್ಯಾಪ್ಟನ್ ಆಗಲು ಬೇಕಾದ ಮುಂದಿನ ಲೈಸೆನ್ಸ್‌ಗೆ 1500 ಗಂಟೆ ಹಾರಾಟ ಆಗಬೇಕು, ಅದು ವರ್ಷಗಳ ಮಾತು. ಹೇಳೋದು 18 ರಿಂದ 24 ತಿಂಗಳು, ಆದರೆ ಮಳೆಗಾಲ, ಮಂಜು, ಕೆಟ್ಟು ನಿಂತ ವಿಮಾನ ಎಲ್ಲ ಸೇರಿ ಇನ್ನೂ ಎಳೆಯೋದು ಸಾಮಾನ್ಯ. ಎಳೆದ ಪ್ರತಿ ತಿಂಗಳೂ ಹಾಸ್ಟೆಲ್, ಊಟ, ಬ್ಯಾಂಕ್ ಬಡ್ಡಿ ಓಡ್ತಾನೇ ಇರುತ್ತೆ.

ದುಡ್ಡಿನ ಲೆಕ್ಕ

ಸಾಧಾರಣ ದಾರಿಯಲ್ಲಿ ಸಿಪಿಎಲ್‌ಗೆ ಸುಮಾರು 45 ರಿಂದ 65 ಲಕ್ಷ, ಟೈಪ್ ರೇಟಿಂಗ್‌ಗೆ ಮತ್ತೆ 15 ಲಕ್ಷದ ಮೇಲೆ. ಕೆಡೆಟ್ ಯೋಜನೆ ಎಲ್ಲ ಸೇರಿ ಒಂದು ಕೋಟಿ ರೂಪಾಯಿ ಆಸುಪಾಸು ಮುಟ್ಟುತ್ತೆ, ಕೆಲವು ದಾಟುತ್ತವೆ. ಡಾಲರ್ ಏರಿದರೆ ವಿದೇಶದ ಭಾಗವೂ ಏರುತ್ತೆ.

ಅಂಗಡಿ ಲೆಕ್ಕದ ಹಾಗೆ ನೋಡೋಣ. 50 ಲಕ್ಷ ಮಾತ್ರ ಸಾಲ, ಶೇ. 11 ಬಡ್ಡಿ ಅಂತ ಇಟ್ಟುಕೊಳ್ಳಿ. ಪೂರ್ತಿ ಹಣ ಎತ್ತಿದ ಮೇಲೆ ವರ್ಷಕ್ಕೆ ಬಡ್ಡಿಯೇ ಐದೂವರೆ ಲಕ್ಷ. ಹತ್ತು ವರ್ಷದ ಕಂತು ಅಂದ್ರೆ ತಿಂಗಳಿಗೆ ಸುಮಾರು 68,900 ರೂಪಾಯಿ. ಕೆಲಸ ಸಿಕ್ಕರೆ ಪೈಲಟ್ ಸಂಬಳದಲ್ಲಿ ಇದು ಕಟ್ಟಬಹುದಾದ ಮೊತ್ತವೇ. ಕೆಲಸ ಒಂದು ವರ್ಷ ತಡವಾದರೆ ಇದನ್ನು ಕಟ್ಟೋದು ಅಂಗಡಿ ಗಲ್ಲಾಪೆಟ್ಟಿಗೆ. ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕ್ ಆಸ್ತಿ ಅಡಮಾನ ಕೇಳುತ್ತೆ: ಮನೆ, ಸೈಟು, ಇಲ್ಲಾ ಅಂಗಡಿ ಮಳಿಗೆ. ಇ-ಖಾತಾ ಸರಿಯಿಲ್ಲದ ಆಸ್ತಿ ಹಿಡಿದು ಹೋದರೆ ಮೊದಲ ದಿನವೇ ವಾಪಸ್ ಕಳಿಸ್ತಾರೆ.

ತಡ ಆಗೋದು ಊಹೆಯ ಮಾತಲ್ಲ. ನಮ್ಮ ಬೆಂಗಳೂರಿನದ್ದೇ ಆದ ಕಿಂಗ್‌ಫಿಶರ್ 2012ರಲ್ಲಿ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ನಡುವೆ ಕೋವಿಡ್. ಆಯಾ ಹೊತ್ತಿಗೆ ತರಬೇತಿ ಮುಗಿಸಿದವರ ಕೈಯಲ್ಲಿ ಲೈಸೆನ್ಸ್ ಇತ್ತು, ಕರೆಯುವವರು ಇರಲಿಲ್ಲ. ಈಗ ಇಂಡಿಗೋ, ಏರ್ ಇಂಡಿಯಾ ಎರಡೂ ನೂರಾರು ಹೊಸ ವಿಮಾನಗಳಿಗೆ ಆರ್ಡರ್ ಕೊಟ್ಟಿರೋದರಿಂದ ಪೈಲಟ್‌ಗಳು ಬೇಕಾಗ್ತಾರೆ ನಿಜ. ಆದರೆ ಸಾಲದ ಅವಧಿ ಹತ್ತು ವರ್ಷ, ಅಷ್ಟರಲ್ಲಿ ಎರಡು ಸಲ ಗಾಳಿ ತಿರುಗಬಹುದು.

ಹಾಗಾಗಿ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ಪೂರ್ತಿ ಓದಿ, ಗೊತ್ತಿರೋ ವಕೀಲರಿಗೆ ಒಂದು ಸಲ ತೋರಿಸಿ. ಮಧ್ಯದಲ್ಲಿ ಫೇಲಾದರೆ ಅಥವಾ ಮೆಡಿಕಲ್ ಹೋದರೆ ಎಷ್ಟು ವಾಪಸ್? 200 ಗಂಟೆಯಲ್ಲಿ ಕಲಿಕೆ ಮುಗಿಯದೆ ಹೆಚ್ಚುವರಿ ಗಂಟೆ ಬೇಕಾದರೆ ಗಂಟೆಗೆ ಎಷ್ಟು? ಟೈಪ್ ರೇಟಿಂಗ್, ಹಾಸ್ಟೆಲ್, ಪರೀಕ್ಷಾ ಫೀಸು ಒಳಗೊಂಡಿದೆಯಾ? ಕಂಪನಿ ಕರೆಯದಿದ್ದರೆ ಬೇರೆ ಕಂಪನಿಗೆ ಹೋಗಲು ಬಿಡ್ತಾರಾ? ಬಾಂಡ್ ಎಷ್ಟು ವರ್ಷ? ಹಣ ಕಂತಿನಲ್ಲೋ ಒಟ್ಟಿಗೋ? ಒಟ್ಟಿಗೆ ಕಟ್ಟಿ ಅಂದ್ರೆ ಅಲ್ಲೇ ನಿಲ್ಲಿ. ಶಾಲೆ ಮುಚ್ಚಿದರೆ ಹಣದ ಹಿಂದೆ ಓಡೋದು ನೀವೇ.

ಕೋಟಿ ಇಲ್ಲದವರಿಗೆ

ಉತ್ತರ ಪ್ರದೇಶದ ಅಮೇಥಿ ಜಿಲ್ಲೆಯ ಫುರ್ಸತ್‌ಗಂಜ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಇದೆ, ಕೇಂದ್ರ ಸರ್ಕಾರದ ಸಂಸ್ಥೆ. ಪ್ರವೇಶ ಪರೀಕ್ಷೆ ಮೂಲಕವೇ ಸೀಟು, ಮೀಸಲಾತಿಯೂ ಇದೆ. ಖರ್ಚು ಕೆಡೆಟ್ ಯೋಜನೆಗಿಂತ ಕಮ್ಮಿ. ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಫ್ಲೈಯಿಂಗ್ ಶಾಲೆ ಇದೆ. ಕಲಬುರಗಿ, ಬೆಳಗಾವಿ ವಿಮಾನ ನಿಲ್ದಾಣಗಳಲ್ಲೂ ಖಾಸಗಿ ತರಬೇತಿ ಶಾಲೆಗಳಿಗೆ 2021ರಲ್ಲಿ ಜಾಗ ಕೊಡಲಾಗಿದೆ. ಹಾಸನದ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್‌ನಲ್ಲಿ ಮೊದಲ ಸಲ ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರು ಕ್ಯಾಪ್ಟನ್ ಆದದ್ದು ಸೇನೆಯಲ್ಲಿ, ಕಾಕ್‌ಪಿಟ್‌ನಲ್ಲಿ ಅಲ್ಲ ಅನ್ನೋದು ಬೇರೆ ಮಾತು.

ದುಡ್ಡೇ ಬೇಡದ ದಾರಿ ವಾಯುಪಡೆಯದ್ದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಯುಸಿ ಮಕ್ಕಳು ಎನ್‌ಡಿಎ ಪರೀಕ್ಷೆ ಬರೆಯಬಹುದು, ಈಗ ಹೆಣ್ಣುಮಕ್ಕಳಿಗೂ ಅವಕಾಶ ಇದೆ. ತರಬೇತಿ ಖರ್ಚು ಸರ್ಕಾರದ್ದು. ಆದರೆ ಅದು ಸೈನಿಕನ ಬದುಕು, ಏರ್‌ಲೈನ್‌ಗೆ ಹೋಗುವ ಮೆಟ್ಟಿಲು ಅಂದುಕೊಂಡು ಸೇರುವುದಲ್ಲ.

ಶಾಲೆ ಯಾವುದೇ ಇರಲಿ, ಡಿಜಿಸಿಎ ವೆಬ್‌ಸೈಟ್‌ನಲ್ಲಿರುವ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ನೋಡಿ. 2025ರಿಂದ ಡಿಜಿಸಿಎ ಈ ಶಾಲೆಗಳಿಗೆ ದರ್ಜೆಯನ್ನೂ ಕೊಡ್ತಿದೆ, ಅದನ್ನೂ ನೋಡಿ. ಆಮೇಲೆ ಒಂದು ದಿನ ಅಲ್ಲಿಗೇ ಹೋಗಿ, ಕಚೇರಿಯಲ್ಲಿ ಕೂರದೆ ಹೊರಗೆ ಚಹಾ ಅಂಗಡಿಯಲ್ಲಿ ಸಿಗುವ ಹುಡುಗರನ್ನು ಕೇಳಿ: ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಈ ತಿಂಗಳು ನೀನು ಎಷ್ಟು ಗಂಟೆ ಹಾರಿದೆ?

ದಿನಸಿ ಅಂಗಡಿಯವರ ಮಗಳ ಬಣ್ಣದ ಪರೀಕ್ಷೆ ಸರಿಬಂದಿದೆ. ಕ್ಲಾಸ್ 2 ಮೆಡಿಕಲ್‌ಗೆ ಹೋಗಬೇಕು, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದ್ದಾರೆ. ಏಜೆಂಟ್ ಇನ್ನೂ ಫೋನ್ ಮಾಡ್ತಿದ್ದಾನಂತೆ, ಎತ್ತುತ್ತಿಲ್ಲ.