ಜೂನ್ ತಿಂಗಳ ಸೀನು: ಹೇ ಫೀವರ್‌ನ ಕಾರಣ ಹುಡುಕಿದವರು

ಮ್ಯಾಂಚೆಸ್ಟರ್‌ಗೆ ಬಂದ ಮೂರನೆಯ ಬೇಸಿಗೆಯಲ್ಲಿ ನನಗೆ ಸೀನು ಶುರುವಾಯಿತು. ಕಣ್ಣಿನಲ್ಲಿ ತುರಿಕೆ, ಮೂಗಿನಲ್ಲಿ ಸದಾ ನೀರು. ಸ್ವತಃ ವೈದ್ಯನಾಗಿಯೂ 'ಈ ಊರಿನ ಹವೆ ಒಗ್ಗಲಿಲ್ಲ' ಎಂದುಕೊಂಡು ಎರಡು ವರ್ಷ ಕಳೆದೆ. ಹೀಗೆ ತಪ್ಪು ತಿಳಿದ ವೈದ್ಯರಲ್ಲಿ ನಾನು ಮೊದಲಿಗನೇನಲ್ಲ.

ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ಅವರಿಗೆ ಎಂಟನೆಯ ವಯಸ್ಸಿನಿಂದಲೂ ಪ್ರತಿ ಬೇಸಿಗೆಯಲ್ಲಿ ಇದೇ ಕಾಟ. 1819ರಲ್ಲಿ ಅವರು ತಮ್ಮ ರೋಗವನ್ನೇ ವೈದ್ಯರ ಸಭೆಯ ಮುಂದಿಟ್ಟರು. 1828ರಲ್ಲಿ ಮತ್ತಷ್ಟು ರೋಗಿಗಳ ವಿವರ ಪ್ರಕಟಿಸುವ ವೇಳೆಗೆ ಜನಸಾಮಾನ್ಯರು ಇದಕ್ಕೆ 'ಹೇ ಫೀವರ್', ಅಂದರೆ ಒಣಹುಲ್ಲಿನ ಜ್ವರ, ಎಂದು ಹೆಸರಿಟ್ಟಾಗಿತ್ತು. ಬೊಸ್ಟಾಕ್ ಒಪ್ಪಲಿಲ್ಲ, ಬಿಸಿಲಿನ ಕಾವೇ ಕಾರಣವೆಂದರು. ರಾಮ್ಸ್‌ಗೇಟ್ ಕಡಲತೀರದಲ್ಲಿ ಅವರಿಗೆ ಆರಾಮವಾಗುತ್ತಿತ್ತು. ಕಡಲಗಾಳಿಯಲ್ಲಿ ಪರಾಗ ಕಡಿಮೆ ಎಂಬುದು ಹೊಳೆಯಲಿಲ್ಲ.

ಅದನ್ನು ತೋರಿಸಿದವರು ನಮ್ಮದೇ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿ ನಡೆಸುತ್ತಿದ್ದ ಚಾರ್ಲ್ಸ್ ಬ್ಲ್ಯಾಕ್ಲಿ. ಅವರೂ ಇದೇ ರೋಗಿ. ಹುಲ್ಲಿನ ಪರಾಗವನ್ನು ತಮ್ಮ ಮೂಗಿಗೆ, ಕಣ್ಣಿಗೆ ಹಚ್ಚಿಕೊಂಡರು. ತೋಳಿನ ಚರ್ಮ ಕೆರೆದು ಲೇಪಿಸಿದರು, ಅಲ್ಲಿ ಊತ ಎದ್ದಿತು. ಅಂಟು ಬಳಿದ ಗಾಜಿನ ಪಟ್ಟಿಗಳ ಮೇಲೆ ಬಿದ್ದ ಪರಾಗವನ್ನು ಎಣಿಸಿದರು. ಲೆಕ್ಕ ಏರಿದಂತೆ ರೋಗವೂ ಏರುತ್ತಿತ್ತು. ಗಾಳಿಪಟಕ್ಕೆ ಗಾಜು ಕಟ್ಟಿ, ಸಾವಿರ ಅಡಿಗೂ ಎತ್ತರದಲ್ಲಿ ಪರಾಗವಿದೆಯೆಂದು ಕಂಡುಕೊಂಡರು. ಹೊಲದಿಂದ ದೂರವಿರುವ ಪಟ್ಟಣಿಗನೂ ಸೀನುವುದೇಕೆ ಎಂಬುದಕ್ಕೆ ಅದೇ ಉತ್ತರ. ಇದೆಲ್ಲ 1873ರಲ್ಲಿ ಪುಸ್ತಕವಾಯಿತು.

1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್, ಟಿಮೊಥಿ ಎಂಬ ಹುಲ್ಲಿನ ಪರಾಗಸಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಚುಚ್ಚುಮದ್ದಾಗಿ ಕೊಟ್ಟ ಪ್ರಯೋಗ ಪ್ರಕಟಿಸಿದರು. ಪರಾಗದಲ್ಲಿ ವಿಷವಿದೆಯೆಂದು ಅವರು ನಂಬಿದ್ದರು. ಅದು ತಪ್ಪು, ದೇಹದ ರೋಗನಿರೋಧಕ ವ್ಯವಸ್ಥೆಯೇ ನಿರುಪದ್ರವಿ ಪರಾಗವನ್ನು ಶತ್ರುವೆಂದು ತಿಳಿಯುತ್ತದೆ. ಆದರೂ ಚಿಕಿತ್ಸೆ ಫಲಿಸಿತು. ಸಂಗಾತಿ ಜಾನ್ ಫ್ರೀಮನ್ ಮುಂದುವರಿಸಿದ ಆ ಕ್ರಮವೇ ಇಂದು ನಾಲಿಗೆಯಡಿ ಇಡುವ ಮಾತ್ರೆಯ ರೂಪದಲ್ಲೂ ದೊರೆಯುತ್ತದೆ.

ಈ ಅಲರ್ಜಿ ಹುಟ್ಟಿನಿಂದಲೇ ಬರಬೇಕೆಂದಿಲ್ಲ. ಹೊಸ ದೇಶದ ಪರಾಗಕ್ಕೆ ದೇಹ ಪ್ರತಿಕ್ರಿಯಿಸಲು ಕೆಲವು ಬೇಸಿಗೆಗಳು ಬೇಕಾಗಬಹುದು. ನನ್ನ ಮೂರನೆಯ ಬೇಸಿಗೆಯ ಗುಟ್ಟು ಇದೇ. ಇಲ್ಲಿ ಹುಲ್ಲು ಪರಾಗ ಚೆಲ್ಲುವುದು ಮೇ ಮಧ್ಯದಿಂದ ಜುಲೈವರೆಗೆ. ಅದಕ್ಕೆ ಎರಡು ವಾರ ಮೊದಲೇ ಸ್ಟೀರಾಯ್ಡ್ ಮೂಗಿನ ಸ್ಪ್ರೇ ಆರಂಭಿಸಿದರೆ ಹೆಚ್ಚು ಫಲ. ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸಿ. ಒಗೆದ ಬಟ್ಟೆಯನ್ನು ಮನೆಯೊಳಗೇ ಒಣಗಿಸಿ. ಉಬ್ಬಸ ಕಂಡರೆ ತಡಮಾಡದೆ ವೈದ್ಯರನ್ನು ಕಾಣಿ.

ಮಕ್ಕಳ ಜಿಸಿಎಸ್‌ಇ ಪರೀಕ್ಷೆಯೂ ಇದೇ ತಿಂಗಳುಗಳಲ್ಲಿ. ಹೇ ಫೀವರ್ ಇದ್ದವರ ದರ್ಜೆ ಕುಸಿಯುವ ಸಂಭವ ಹೆಚ್ಚೆಂದೂ, ನಿದ್ದೆ ಬರಿಸುವ ಹಳೆಯ ಆಂಟಿಹಿಸ್ಟಮಿನ್ ಮಾತ್ರೆ ನುಂಗಿದವರಲ್ಲಿ ಇನ್ನೂ ಹೆಚ್ಚೆಂದೂ 2007ರ ಬ್ರಿಟಿಷ್ ಅಧ್ಯಯನವೊಂದು ತೋರಿಸಿದೆ. ನಿದ್ದೆ ಅಷ್ಟಾಗಿ ತರದ ಮಾತ್ರೆಗಳಿವೆ. ಔಷಧದಂಗಡಿಯಲ್ಲಿ ಕೇಳಿ ಪಡೆಯಿರಿ. ಮಗು ಸೀನಿದಾಗ 'ನೆಗಡಿ, ಹೋಗುತ್ತೆ ಬಿಡು' ಎನ್ನುವ ಮುನ್ನ ಒಮ್ಮೆ ಕ್ಯಾಲೆಂಡರ್ ನೋಡಿ.