ದಾದಿ ಕಲಿತ ಮೌನ

ಸಾವಿನ ಹಾಸಿಗೆಯ ಬಳಿ ನಾಲಿಗೆ ಕಟ್ಟುವುದು ಮನುಷ್ಯಸ್ವಭಾವವೆಂದೇ ನಾವು ಬಗೆಯುತ್ತೇವೆ. ದಾದಿಯರ ಶಿಕ್ಷಣದ ಚರಿತ್ರೆಯನ್ನು ಓದಿದ ಮೇಲೆ ನನಗೆ ಹಾಗೆನಿಸುವುದಿಲ್ಲ. ಆ ಮೌನವೂ ಒಂದು ಪಾಠವೇ. ಯಾರೋ ಕಲಿಸಿ, ಯಾರೋ ಕಲಿತದ್ದು.

ಈ ಶಿಕ್ಷಣಕ್ಕೆ ತಳಹದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲಳಿಗಂತೂ ಹುಸಿಮಾತು ಹಿಡಿಸುತ್ತಿರಲಿಲ್ಲ. 1859ರಲ್ಲಿ ಹೊರಬಂದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಗೆ ಪೊಳ್ಳು ಭರವಸೆ ಹೇಳುವವರನ್ನು ಖಂಡಿಸುವುದಕ್ಕೆಂದೇ ಆಕೆ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಮರುವರ್ಷ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಶಾಲೆ ಆರಂಭವಾಯಿತು. ಮುಂದೆ ಇಂಥ ಶಾಲೆಗಳು ಹಬ್ಬಿದುವು, ಔಷಧಗಳ ಬಲ ಹೆಚ್ಚಿತು. ಗುಣವಾಗುವುದು ಗೆಲುವು, ಸಾಯುವುದು ಸೋಲು ಎಂಬ ಭಾವನೆಯೂ ಜೊತೆಗೇ ಬೆಳೆಯಿತು.

ನೂರು ವರ್ಷ ಕಳೆದ ಮೇಲೆ, ಕ್ಯಾಲಿಫೋರ್ನಿಯದ ಆಸ್ಪತ್ರೆಗಳಲ್ಲಿ ಸಾಯುವವರ ಸುತ್ತ ಏನು ನಡೆಯುತ್ತದೆಂಬುದನ್ನು ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಗಮನಿಸಿದರು. 1965ರ ತಮ್ಮ ಗ್ರಂಥದಲ್ಲಿ ಅವರು ನಾಲ್ಕು ಸ್ಥಿತಿಗಳನ್ನು ಹೇಳಿದರು: ರೋಗಿಗೆ ಏನೂ ತಿಳಿಯದಿರುವುದು; ಅನುಮಾನ ಹುಟ್ಟುವುದು; ಎಲ್ಲರಿಗೂ ತಿಳಿದಿದ್ದು ಎಲ್ಲರೂ ತಿಳಿಯದವರಂತೆ ನಟಿಸುವುದು; ಬಿಚ್ಚುಮನಸ್ಸಿನಿಂದ ಮಾತನಾಡುವುದು. ಮೂರನೆಯ ನಾಟಕ ನಮ್ಮ ಮನೆಗಳಿಗೂ ಹೊಸದಲ್ಲ.

ಅವರೊಡನೆ ದುಡಿದ ಜೀನ್ ಕ್ವಿಂಟ್ ಸ್ವತಃ ದಾದಿ. ಆಕೆ ಕಣ್ಣಿಟ್ಟದ್ದು ಕಲಿಯುವ ಹುಡುಗಿಯರ ಮೇಲೆ. ಜೀವ ಉಳಿಸುವ ಪಾಠ ಧಾರಾಳ, ಸಾಯುವವರೊಡನೆ ಇರುವ ಪಾಠ ವಿರಳ ಎಂದು 1967ರ ತನ್ನ ಪುಸ್ತಕದಲ್ಲಿ ತೋರಿಸಿಕೊಟ್ಟಳು. ಅಂಥ ರೋಗಿ ಯಾವ ಹುಡುಗಿಯ ಪಾಲಿಗೆ ಬರುವನೆಂಬುದು ಬರಿಯ ಆಕಸ್ಮಿಕ. ಎಲ್ಲಿ ತಪ್ಪಿಬಿಡುವೆನೋ ಎಂಬ ಭಯದಲ್ಲಿ ಅವಳು ಕೈಕೆಲಸದಲ್ಲಿ ಮುಳುಗುತ್ತಾಳೆ, ಮಾತು ತಪ್ಪಿಸುತ್ತಾಳೆ. ಅದೇ ಅಭ್ಯಾಸವಾಗುತ್ತದೆ.

ಈ ಅಭ್ಯಾಸ ಮುರಿಯಲು ಹೊರಟವಳು ಸಿಸಿಲಿ ಸಾಂಡರ್ಸ್. ಸೇಂಟ್ ಥಾಮಸ್‌ನಲ್ಲೇ ದಾದಿಯಾಗಿ ಕಲಿತು, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು, ಮುಂದೆ ವೈದ್ಯೆಯಾದವಳು. ನೋವೆಂದರೆ ದೇಹದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ ಚಿಂತೆಯದು, ನಂಬಿಕೆಯದು ಎಲ್ಲವೂ ಅದರಲ್ಲಿ ಕೂಡಿರುತ್ತದೆಂಬುದು ಆಕೆಯ ತಿಳಿವು. 1963ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆಕೆಯ ಭಾಷಣ ಕೇಳಿದ ಶುಶ್ರೂಷಾ ಶಾಲೆಯ ಮುಖ್ಯಸ್ಥೆ ಫ್ಲಾರೆನ್ಸ್ ವಾಲ್ಡ್, ಕೆಲಕಾಲದಲ್ಲೇ ಹುದ್ದೆಯನ್ನು ಬಿಟ್ಟು ಇದೇ ಕಾರ್ಯಕ್ಕೆ ತೊಡಗಿದಳು. 1967ರಲ್ಲಿ ಲಂಡನ್ನಿನಲ್ಲಿ ಸಾಂಡರ್ಸಳ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆಯಿತು. 1974ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ವಾಲ್ಡಳ ಪ್ರಯತ್ನ ಫಲಿಸಿತು. ಆ ಬಳ್ಳಿಯ ಕುಡಿಯೇ ಬೆಂಗಳೂರಿನ ‘ಕರುಣಾಶ್ರಯ’. ಗುಣವಾಗದ ಹಂತ ಮುಟ್ಟಿದ ಕ್ಯಾನ್ಸರ್ ರೋಗಿಗಳಿಗೆ ಅಲ್ಲಿ ಹಣ ಪಡೆಯದೆ ಶುಶ್ರೂಷೆ ನಡೆಯುತ್ತದೆ.

‘ನಾನು ಉಳಿಯುತ್ತೇನೆಯೆ?’ ಎಂದು ರೋಗಿ ಕೇಳಿದರೆ ಏನು ಹೇಳಬೇಕೆಂದು ನನ್ನ ವಿದ್ಯಾರ್ಥಿನಿಯರು ಕೇಳುವುದುಂಟು. ಸಿದ್ಧ ಉತ್ತರವನ್ನು ನಾನು ಕೊಡುವುದಿಲ್ಲ. ಮೊದಲು ಕೈಯ ತಟ್ಟೆಯನ್ನು ಕೆಳಗಿಟ್ಟು ಕುಳಿತುಕೊಳ್ಳಿ, ಆ ಪ್ರಶ್ನೆಯ ಹಿಂದೆ ಯಾವ ಅಳಲಿದೆಯೆಂದು ಕೇಳಿ ಎನ್ನುತ್ತೇನೆ. ಮಗಳ ಮದುವೆಯಿರಬಹುದು, ತೀರದ ಸಾಲವಿರಬಹುದು, ರಾತ್ರಿಯ ನೋವಿನ ಹೆದರಿಕೆಯಿರಬಹುದು. ಮೌನ ಕಲಿತವರು ಮಾತನ್ನೂ ಕಲಿಯಬಲ್ಲರು. ಆದರೆ ಕಲಿಸುವವರು ಮೊದಲು ಬಾಯಿ ತೆರೆಯಬೇಕು.